ಚಹಾ ಕಿಟಕಿಯ ಥೆಲ್ಮಾ ಲ್ಯಾಂಕಾಸ್ಟರ್ ವಿಮಾನ ನೋಡಿದ್ದು

ಲಿಂಕನ್‌ಶೈರಿನ ಸ್ಕೆಲ್‌ತೋರ್ಪ್ ವಿಮಾನ ಮೈದಾನದ ಹಳೆಯ ಯುದ್ಧವಿಮಾನಗಳ ಮ್ಯೂಸಿಯಮ್ಮಿನಲ್ಲಿ ಮೂವತ್ತು ವರ್ಷ ಚಹಾ ಮಾರಿದ ಥೆಲ್ಮಾ ಮಾವರ್, ಒಂದೇ ಒಂದು ವಿಮಾನ ಹಾರುವುದನ್ನೂ ನೋಡಿರಲಿಲ್ಲ. ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಕೊಂಡು ಅಲೆ ನೋಡಿಲ್ಲ ಅಂದಂತಾಯಿತು! ಆದರೆ ಮಾತು ನಿಜ. ಆ ತಗಡಿನ ಚಹಾ ಶೆಡ್ಡು ಕಟ್ಟಿದ ಪುಣ್ಯಾತ್ಮ ಕಿಟಕಿಯನ್ನು ಕಾರು ನಿಲ್ಲಿಸುವ ಕಡೆಗೆ ಇಟ್ಟಿದ್ದ. ರನ್‌ವೇ ಇದ್ದದ್ದು ಅವಳ ಬೆನ್ನ ಹಿಂದೆ.

ನೋಡಿರಲಿಲ್ಲ, ಆದರೆ ಯಾವುದು ಹಾರುತ್ತಿದೆ ಎಂದು ಕಪ್ಪು ಬಸಿಗಳೇ ಅವಳಿಗೆ ಹೇಳುತ್ತಿದ್ದವು. ಸ್ಪಿಟ್‌ಫೈರ್ ಹೋದರೆ ಚಮಚಗಳು ಕಿಣಿಕಿಣಿ ಅನ್ನುತ್ತಿದ್ದವು. ಲ್ಯಾಂಕಾಸ್ಟರ್ ಬಾಂಬರ್ ಎದ್ದರೆ ನಡುಕ ಮೊದಲು ಅವಳ ಅಂಗಾಲಿಗೆ ಬರುತ್ತಿತ್ತು, ಆಮೇಲೆ ಕಪಾಟಿಗೆ. ಆಗ ಥೆಲ್ಮಾ ಕೈಲಿದ್ದ ಕೆಟಲನ್ನು ಕೆಳಗಿಟ್ಟು, ನಡುಕ ನಿಲ್ಲುವವರೆಗೆ ಎರಡೂ ಕೈಯಿಂದ ಕಪಾಟನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಕಪ್ಪುಗಳು ಬಿದ್ದು ಒಡೆಯಬಾರದು ನೋಡಿ, ಅನ್ನುತ್ತಿದ್ದಳು.

ಹೊರಗೆ ಹೋಗಿ ನೋಡಬಾರದೇ ಎಂದರೆ ಅವಳ ಉತ್ತರ ಒಂದೇ: "ಕ್ಯೂ ಇದೆಯಲ್ಲ!" ಕ್ಯೂನಲ್ಲಿ ಒಬ್ಬ ಮನುಷ್ಯ ನಿಂತಿದ್ದರೂ ಕಿಟಕಿ ಮುಚ್ಚುವ ಹಾಗಿಲ್ಲ. ಲಿಂಕನ್‌ಶೈರಿನ ಜನ ದೇವರಿಗೆ ಹೆದರುತ್ತಾರೋ ಇಲ್ಲವೋ, ಕ್ಯೂಗೆ ಹೆದರುತ್ತಾರೆ. ಆಕಾಶವೇ ಕಳಚಿ ಬೀಳುತ್ತಿದ್ದರೂ ತಮ್ಮ ಜಾಗ ಬಿಡುವುದಿಲ್ಲ, ಇನ್ನೊಬ್ಬರ ಜಾಗಕ್ಕೆ ನುಗ್ಗುವುದಿಲ್ಲ, ಯಾರ ಕಾಲನ್ನಾದರೂ ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ಹಾಗಾಗಿ ಥೆಲ್ಮಾಳ ನೆಪ ಕಲ್ಲಿನಂತೆ ಗಟ್ಟಿಯಾಗಿತ್ತು.

ನೆಪ ಎಂದು ಗೊತ್ತಿದ್ದದ್ದು ಅವಳ ಜೊತೆ ಸ್ಕೋನ್ ಎಂಬ ಬನ್ನು ಬೇಯಿಸುತ್ತಿದ್ದ ಬ್ರೆಂಡಾಗೆ ಮಾತ್ರ. ಥೆಲ್ಮಾಳ ಅಪ್ಪ ವಿಲ್ಫ್ ಯುದ್ಧಕಾಲದಲ್ಲಿ ಇದೇ ಮೈದಾನದಿಂದ ಲ್ಯಾಂಕಾಸ್ಟರ್ ಹತ್ತಿ ಹೋದವನು. ಬಾಲದ ತುದಿಯ ಗಾಜಿನ ಗೂಡಿನಲ್ಲಿ, ಬಂದೂಕುಗಳ ನಡುವೆ, ಹಿಮ್ಮುಖವಾಗಿ ಕೂರುವ ಕೆಲಸ ಅವನದು. ಅವನು ಹೊರಟಾಗಲೆಲ್ಲ ಅವಳ ಅಮ್ಮ ರನ್‌ವೇ ಪಕ್ಕದಲ್ಲಿ ನಿಂತು ಕೈ ಬೀಸುತ್ತಿದ್ದಳು. ಅವನು ತಿರುಗಿ ಬರುತ್ತಿದ್ದದ್ದು ನಸುಕಿನ ಕತ್ತಲಲ್ಲಿ, ಅವಳು ಮನೆಯಲ್ಲಿ ಮಲಗಿದ್ದಾಗ. ಕೊನೆಯ ಸಲ ಕೈ ಬೀಸಿದಾಗ ಥೆಲ್ಮಾ ಇನ್ನೂ ಹೊಟ್ಟೆಯಲ್ಲಿದ್ದಳು. "ಮಿಕ್ಕವರೆಲ್ಲ ಜರ್ಮನಿ ಕಡೆ ಮುಖ ಮಾಡಿ ಹೋದ್ರು. ನಿಮ್ಮಪ್ಪ ಮಾತ್ರ ನನ್ನ ಕಡೆ ಮುಖ ಮಾಡಿ, ನನ್ನೇ ನೋಡ್ತಾ ನೋಡ್ತಾ ಚಿಕ್ಕದಾಗಿ ಹೋದ," ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಆ ವಿಮಾನ ತಿರುಗಿ ಬರಲಿಲ್ಲ. ಹೂಳಲು ಒಂದು ಮೂಳೆಯೂ ಸಿಗಲಿಲ್ಲ.

ಥೆಲ್ಮಾಗೆ ಇದ್ದದ್ದು ಅದೇ ಭಯ. ಹೋಗುವುದನ್ನು ಕಣ್ಣಾರೆ ನೋಡಿಬಿಟ್ಟರೆ ಅಪ್ಪ ನಿಜವಾಗಿಯೂ ಹೋದಂತೆ. ನೋಡದಿದ್ದರೆ, ಏನೋ ಒಂದು ಎಳೆ ಇನ್ನೂ ಕಡಿಯದೆ ಉಳಿದಂತೆ. ಎಂಬತ್ತು ವರ್ಷದ ಹೆಂಗಸಿಗೆ ಇದೆಂಥ ಹುಚ್ಚು ಎಂದು ನಗುವವರು ನಗಲಿ, ಅವರ ಅಪ್ಪಂದಿರು ಮನೆಗೆ ಬಂದಿದ್ದರು.

ಆದರೆ ಆ ಭಾನುವಾರ ತಪ್ಪಿದರೆ ಮುಂದೆ ಅವಕಾಶವಿರಲಿಲ್ಲ. ಅಂದಿನ ಹಾರಾಟ ಮುಗಿದ ಮೇಲೆ ಲ್ಯಾಂಕಾಸ್ಟರನ್ನು ಹ್ಯಾಂಗರಿಗೆ ನೂಕಿ, ರೆಕ್ಕೆ ಬಿಚ್ಚಿ, ವರ್ಷಗಟ್ಟಲೆ ರಿಪೇರಿ ಮಾಡುವುದಿತ್ತು. ಅದು ಮತ್ತೆ ಹಾರುವ ಹೊತ್ತಿಗೆ ಥೆಲ್ಮಾ ಇರುತ್ತಾಳೆಂದು ಥೆಲ್ಮಾಗೇ ಭರವಸೆ ಇರಲಿಲ್ಲ. ಹಿಂದಿನ ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡಿ, ಈ ಸಲ ನೋಡಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಬಂದು ನೋಡಿದರೆ, ಕಿಟಕಿಯೆದುರು ಹನುಮಂತನ ಬಾಲದಂಥ ಕ್ಯೂ! ಅವಳಿಗೆ ಒಳಗೊಳಗೇ ನಿರಾಳವಾಯಿತು.

"ಹೊರಡೇ, ಇಂಜಿನ್ ಶುರು ಮಾಡ್ತಾರೆ ಅಂತ ಮೈಕಲ್ಲಿ ಹೇಳಿದ್ರು," ಎಂದಳು ಬ್ರೆಂಡಾ.

"ಕ್ಯೂ ನೋಡು ಎಷ್ಟಿದೆ."

"ಕ್ಯೂ ನಾನು ನೋಡ್ಕೋತೀನಿ."

"ನೀನು ಹಾಲು ಜಾಸ್ತಿ ಹಾಕ್ತೀಯ. ಜನ ಬೈತಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೂವತ್ತು ವರ್ಷದಿಂದ ಇದೇ ರಾಗ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ಕಣೇ."

ಅಷ್ಟು ಹೇಳಿ ಬ್ರೆಂಡಾ ಹಿಟ್ಟಿನ ಕೈಯಲ್ಲೇ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಊರಿಗೆಲ್ಲ ಕೇಳುವಂತೆ ಕೂಗಿದಳು: "ಸ್ವಲ್ಪ ಕೇಳಿ ಎಲ್ಲರೂ! ಈ ಹೆಂಗಸಿನ ಅಪ್ಪ ಇಲ್ಲಿಂದಲೇ ಲ್ಯಾಂಕಾಸ್ಟರಿನ ಬಾಲದಲ್ಲಿ ಕೂತು ಹೋದೋನು, ಬರಲಿಲ್ಲ. ಇವಳು ಆ ವಿಮಾನ ಹಾರೋದನ್ನ ಇನ್ನೂ ಒಂದ್ಸಲಾನೂ ನೋಡಿಲ್ಲ. ಯಾಕೆ ಗೊತ್ತಾ? ನಿಮಗೆ ಚಹಾ ಕೊಡ್ಬೇಕಂತೆ!"

ಥೆಲ್ಮಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಯೂಗೂ ಹಾಗೇ ಅನ್ನಿಸಿರಬೇಕು. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಯಾರೋ ಕೆಮ್ಮಿದರು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಗ್ರಿಮ್ಸ್‌ಬಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಕ್ಲೈವ್. ಅವನು ಟೋಪಿ ತೆಗೆದ.

"ಕ್ಷಮಿಸಿ ಥೆಲ್ಮಾ. ನಮಗೇನೂ ಅವಸರ ಇಲ್ಲ, ನೀವು ಹೋಗಿ ಬನ್ನಿ."

"ನಿಮ್ಮನ್ನೆಲ್ಲ ನಿಲ್ಲಿಸಿ ನಾನು ಹೇಗ್ರೀ ಹೋಗ್ಲಿ?"

ಕ್ಲೈವ್ ಹಿಂದೆ ತಿರುಗಿ ಕ್ಯೂ ನೋಡಿದ, ದೂರದ ಬೇಲಿ ನೋಡಿದ. ಬಸ್ಸಿನ ಬುದ್ಧಿ ಓಡಿತು.

"ಹಾಗಾದ್ರೆ ಕ್ಯೂನೇ ಹೊರಡಲಿ. ಯಾರೂ ಜಾಗ ಬಿಡಬೇಡಿ, ಇದ್ದ ಹಾಗೇ ನನ್ನ ಹಿಂದೆ ಬನ್ನಿ!"

ಹೊರಟಿತು ನೋಡಿ ಆ ಕ್ಯೂ! ಒಬ್ಬರ ಹಿಂದೆ ಒಬ್ಬರು, ನಾಯಿಗಳ ಸಮೇತ, ಕೈಯಲ್ಲಿ ಖಾಲಿ ಟ್ರೇ ಹಿಡಿದುಕೊಂಡೇ, ಶೆಡ್ಡನ್ನು ಸುತ್ತಿ ಬೇಲಿಯವರೆಗೆ. ಎಪ್ರನ್ ಬಿಚ್ಚಲೂ ಮರೆತ ಥೆಲ್ಮಾ ಹೋಗಿ ಆ ಕ್ಯೂನ ಕೊನೆಯಲ್ಲಿ ನಿಂತಳು. ಅಭ್ಯಾಸ ಬಿಡಬೇಕಲ್ಲ! ಕ್ಲೈವ್ ಅಲ್ಲಿಂದಲೇ ಗದರಿದ.

"ಮುಂದೆ ಬನ್ರೀ! ಹುಟ್ಟಿದಾಗಿಂದ ಒಬ್ಬರನ್ನೂ ನನ್ನ ಮುಂದೆ ನುಗ್ಗೋಕೆ ಬಿಟ್ಟೋನಲ್ಲ ನಾನು. ನನ್ನ ಮನಸ್ಸು ಬದಲಾಗೋದ್ರೊಳಗೆ ಬನ್ನಿ."

ಅವಳು ಬೇಲಿ ಹಿಡಿದು ನಿಂತಳು. ರನ್‌ವೇಯ ಈ ತುದಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಲ್ಯಾಂಕಾಸ್ಟರ್ ನಿಂತಿತ್ತು. ಇಷ್ಟು ದೊಡ್ಡದೇ! ಇಷ್ಟು ಕಪ್ಪೇ! ಹ್ಯಾಂಗರಿನಲ್ಲಿ ತಣ್ಣಗೆ ನಿಂತದ್ದನ್ನು ಅವಳು ಕಂಡಿದ್ದಳು, ಅದು ಬರೀ ತಗಡಾಗಿತ್ತು. ಇದಕ್ಕೆ ಜೀವ ಬಂದಿತ್ತು. ನಾಲ್ಕು ಇಂಜಿನ್ನುಗಳೂ ಒಟ್ಟಿಗೆ ದನಿ ಏರಿಸಿದಾಗ ಹುಲ್ಲು ನೆಲಕ್ಕೆ ಮಲಗಿತು, ಬೇಲಿ ನಡುಗಿತು, ಅವಳ ಎದೆಗೂಡಿನೊಳಗೆ ಯಾರೋ ಬಂದು ನಿಂತಂತಾಯಿತು. ಮೂವತ್ತು ವರ್ಷ ಅಂಗಾಲಿನಿಂದ ಕೇಳಿದ ಸದ್ದನ್ನು ಅವಳು ಮೊದಲ ಸಲ ಮೈಯಿಡೀ ಕೇಳಿದಳು. ಹಿಡಿದುಕೊಳ್ಳಲು ಕಪಾಟು ಇರಲಿಲ್ಲ.

ವಿಮಾನ ಓಡತೊಡಗಿತು. ಬಾಲ ಮೊದಲು ಮೇಲೆದ್ದಿತು. ಆಗ ಕಂಡಿತು ಗಾಜಿನ ಗೂಡು, ನೇರ ಅವಳ ಕಡೆಗೇ ಮುಖ ಮಾಡಿ. ಅದರೊಳಗೆ ಇದ್ದದ್ದು ಮನುಷ್ಯನೋ ಬಿಸಿಲೋ ಅವಳಿಗೆ ತಿಳಿಯಲಿಲ್ಲ. ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ಅವಳನ್ನೇ ನೋಡುತ್ತ ನೋಡುತ್ತ ಚಿಕ್ಕದಾಯಿತು. ಥೆಲ್ಮಾಳ ಕೈ ತಾನಾಗಿ ಮೇಲೆದ್ದು ಬೀಸಿತು. ಗೂಡು ಗುಂಡಿಯಷ್ಟಾಗಿ, ಸಾಸಿವೆಯಷ್ಟಾಗಿ, ಮೋಡದೊಳಗೆ ಕರಗಿತು.

ಥೆಲ್ಮಾ ಎಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಆಯ್ತು, ನೋಡಿದೆ. ಹೋಯ್ತು. ಬನ್ನಿ, ಚಹಾ ಕೊಡ್ತೀನಿ," ಎಂದು ಶೆಡ್ಡಿನ ಕಡೆಗೆ ಹೊರಟಳು.

"ಎಲ್ಲಿಗ್ರೀ?" ಎಂದ ಕ್ಲೈವ್. "ಅದು ಬರೋದಿಲ್ವಾ?"

ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾರಾಟದ ದಿನದ ವಿಮಾನ ಒಂದು ಸುತ್ತು ಹೊಡೆದು ಇಳಿಯದೆ ಎಲ್ಲಿಗೆ ಹೋದೀತು? ಆದರೆ ಹುಟ್ಟಿದಾಗಿನಿಂದ ಅವಳು ಕೇಳಿದ ಕಥೆಯಲ್ಲಿ ಹೋಗುವುದು ಮಾತ್ರ ಇತ್ತು. ಬರುವ ಭಾಗವನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ತಿರುಗಿ ನಿಂತಳು. ಮರಗಳ ಸಾಲಿನಾಚೆ ಆಕಾಶ ಗುಂಯ್ ಎಂದಿತು. ಆಮೇಲೆ ಮರಗಳ ತಲೆ ಸವರಿಕೊಂಡು, ರೆಕ್ಕೆಗಳನ್ನು ಅಗಲಕ್ಕೆ ಚಾಚಿಕೊಂಡು, ಚಕ್ರಗಳನ್ನು ಇಳಿಬಿಟ್ಟುಕೊಂಡು ಅದು ಬಂತು. ಅಷ್ಟು ಭಾರದ್ದು ಎಷ್ಟು ಮೆಲ್ಲಗೆ ಬಂತೆಂದರೆ, ಮಲಗಿಸಿದ ಮಗುವನ್ನು ಎಬ್ಬಿಸಬಾರದು ಎಂಬಂತೆ. ಚಕ್ರ ನೆಲಕ್ಕೆ ತಾಗಿದಾಗ ಚೀಂಯ್ ಎಂದು ಸದ್ದಾಗಿ ಒಂದಿಷ್ಟು ಹೊಗೆ ಎದ್ದಿತು. ಕೊನೆಗೆ ಬಾಲವೂ ಇಳಿಯಿತು, ಗಾಜಿನ ಗೂಡೂ ನೆಲಕ್ಕೆ ಬಂತು.

ಥೆಲ್ಮಾ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. ಬ್ರೆಂಡಾ ಓಡಿ ಬಂದು ಅವಳ ಭುಜ ಹಿಡಿದಳು.

"ಬಂತು ಕಣೇ," ಎಂದಳು ಥೆಲ್ಮಾ. "ಬಂತು. ನಮ್ಮಮ್ಮ ಇದೊಂದನ್ನ ನೋಡ್ಲೇ ಇಲ್ಲ."