ಚಾಂದನಿಯ ಹಾಲು

ಮುಂಬಯಿಯ ಶ್ರೀಮಂತನೊಬ್ಬ ಲಚ್ಯಾಣದ ಹೊರಗೆ ರೇಸಿನ ಕುದುರೆ ಸಾಕಿ ಮಾರುವ ಫಾರ್ಮ್ ತೆರೆದದ್ದು ಎಪ್ಪತ್ತೊಂದರಲ್ಲಿ. ಹೆಂಗಸರು ಮೈಲು ದೂರದಿಂದ ಕೊಡ ಹೊತ್ತು ಸೊಂಟ ಮುರಿದುಕೊಳ್ಳುವ ಊರಲ್ಲಿ ಕುದುರೆಗಳಿಗೆ ಪಂಪಿನ ನೀರಿನ ಸ್ನಾನ! ಒಂದೊಂದು ಕುದುರೆಗೂ ಮೂರು ತಲೆಮಾರಿನ ವಂಶಾವಳಿ ಬರೆದ ಕಾಗದ. ಅದನ್ನು ಓದಿ ಹೇಳುವಾಗ ಮ್ಯಾನೇಜರ್ ಶ್ರೀಶೈಲಪ್ಪನ ಗತ್ತು ನೋಡಬೇಕು. ತನ್ನ ಮುತ್ತಜ್ಜನ ಹೆಸರು ಕೇಳಿದರೆ ಆ ಪುಣ್ಯಾತ್ಮ ತಲೆ ಕೆರೆದುಕೊಳ್ಳುತ್ತಿದ್ದ.

ಗೈಬುಸಾಬ ಅಲ್ಲಿಯವರೆಗೆ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದವನು. ಕುದುರೆಯ ಕಿವಿ ನೋಡಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದ. ಫಾರ್ಮಿನವರು ಕೆಲಸಕ್ಕೆ ಕರೆದಾಗ ಟಾಂಗಾ ಮಾರಿದ. ಚಾಂದನಿ ಎಂಬ ತನ್ನ ಬಿಳಿ ಕುದುರೆಯನ್ನು ಮಾತ್ರ ಮಾರಲಿಲ್ಲ. ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಅದು ಹೆಣ್ಣುಮರಿ ಹಾಕಿತು.

ಅದೇ ವಾರ ಫಾರ್ಮಿನ ಜಾತಿಕುದುರೆಯೊಂದು ಗಂಡುಮರಿ ಹಾಕಿ ಸತ್ತಿತು. ಶ್ರೀಶೈಲಪ್ಪ ಬೆಳಿಗ್ಗೆಯೇ ಗೈಬುಸಾಬನ ಅಂಗಳಕ್ಕೆ ಬಂದ.

"ಚಾಂದನಿನ್ನ ಹಾಲಿಗಿ ಕೊಡೋ ಗೈಬೂ. ಧಣಿ ಮರಿ ಉಳೀಬೇಕು, ಅದಕ್ಕ ಕುದುರಿ ಹಾಲೇ ಆಗಬೇಕಂತ."

"ನನ್ನ ಮರಿ ಏನ ಕುಡೀಬೇಕ್ರಿ?"

"ವಿಲಾಯತಿ ಹಾಲಿನ ಪುಡಿ ಡಬ್ಬಿಗಟ್ಟಲೆ ಐತಿ. ನಿನ್ನ ಮರೀನೂ ಫಾರ್ಮಿಗಿ ತಗೊಂಡ ಬಾ, ನಾ ಕುಡಸ್ತೇನಿ. ಭರೋಸಾ ಇಲ್ಲೇನು ನನ್ನ ಮ್ಯಾಲ?"

ಗೈಬುಸಾಬ ನಂಬಿದ. ಕುದುರೆ ಬೇರೆಯ ಮರಿಯನ್ನು ಒದ್ದು ಓಡಿಸುತ್ತದೆ. ಅದಕ್ಕೆ ಮದ್ದು ಅವನಿಗೆ ಗೊತ್ತಿತ್ತು. ಗೋಣಿಚೀಲವನ್ನು ಚಾಂದನಿಯ ಹಾಲಿನಲ್ಲಿ ತೋಯಿಸಿ, ಮೊದಲು ಅದರ ಸ್ವಂತ ಮರಿಯ ಮೈ ಉಜ್ಜಿ, ಆ ವಾಸನೆ ಹತ್ತಲೆಂದು ಅದೇ ಚೀಲದಿಂದ ಧಣಿಯ ಮರಿಯ ಮೈ ಉಜ್ಜಿದ. ಮೂರು ದಿನ ಇದೇ ಕೆಲಸ. ಮೂರನೆಯ ಸಂಜೆ ಚಾಂದನಿ ಆ ಮರಿಯ ಬೆನ್ನು ನೆಕ್ಕಿ ಹಾಲು ಕೊಟ್ಟಿತು. ಮರುದಿನವೇ ಅವನನ್ನು ಪುಣೆಯ ಹರಾಜಿಗೆ ಕುದುರೆಗಳ ಜೊತೆ ಗಾಡಿ ಹತ್ತಿಸಿದರು.

ಹನ್ನೆರಡು ದಿನದ ಮೇಲೆ ಮರಳಿದವನು ಚೀಲ ಇಳಿಸುವ ಮೊದಲೇ ತನ್ನ ಮರಿಯನ್ನು ಕೇಳಿದ.

"ಅದು ಹ್ವಾತು," ಎಂದ ಶ್ರೀಶೈಲಪ್ಪ, ಎಲೆಗೆ ಸುಣ್ಣ ಹಚ್ಚುತ್ತ. "ಪುಡಿ ಜಾತಿಮರಿಗೋಳಿಗೆ ತರಿಸಿದ್ದು. ಟಾಂಗಾದ ಕುದುರಿ ಮರಿಗಿ ಹಾಕಿದ್ರ ಧಣಿ ನನ್ನ ಬಿಡ್ತಾರೇನು? ಬರೂ ವರ್ಷ ಇನ್ನೊಂದ ಹಾಕ್ತೈತಿ, ತಗೋ."

ಅವನ ಬೆನ್ನ ಹಿಂದೆ ಗಾಜಿನ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ. ಥೂ, ಎಂಥ ಹೇಸಿ ಜನ್ಮ! ಹಸಿದ ಮರಿ ಅಷ್ಟು ದಿನ ಒದರುತ್ತಿದ್ದರೆ ಈ ಮನುಷ್ಯನ ಗಂಟಲಲ್ಲಿ ಅನ್ನ ಹೇಗೆ ಇಳಿಯಿತು? ಗೈಬುಸಾಬ ಹೆಗಲ ಚೀಲವನ್ನು ನೆಲಕ್ಕೆ ಎಸೆದ.

"ಕುಡಸ್ತೇನಿ ಅಂದ ನಾಲಿಗಿ ಅಲ್ಲೇನ್ರಿ ಅದು? ಬೆಂಕಿ ಹಚ್ರಿ ನಿಮ್ಮ ನೌಕರಿಗಿ. ನನ್ನ ಕುದುರಿ ನಾ ಹೊಡಕೊಂಡ ಹೊಂಟೆ."

ಲಾಯಕ್ಕೆ ಹೋಗಿ ಚಾಂದನಿಯ ಕೊರಳಿಗೆ ಹಗ್ಗ ಹಾಕಿ ಎಳೆದ. ಬಾಗಿಲ ತನಕ ಬಂದ ಕುದುರೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಒಳಗೆ ಧಣಿಯ ಮರಿ ಕೂಗಿದ್ದೇ ತಡ, ಹಗ್ಗ ಜಗ್ಗಿಕೊಂಡು ಹಿಂದಕ್ಕೆ ತಿರುಗಿತು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅದು ತನ್ನದೇ ಮರಿ ಎಂದು ನಂಬಿತ್ತು. ನಂಬಿಸಿದವನು ಶ್ರೀಶೈಲಪ್ಪನಲ್ಲ. ಗೈಬುಸಾಬನಿಗೆ ತನ್ನ ಕೈಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ಹಗ್ಗ ಬಿಚ್ಚಿದ.

"ಮರಿ ಹಾಲು ಬಿಡೂ ತನಕ ಇಲ್ಲೇ ಇರವ್ವಾ," ಎಂದ. "ಇದೂ ಹಸದು ಸಾಯೂದು ಬ್ಯಾಡ."