ಉಚ್ಚಂಗಮ್ಮನ ಕಣ್ಣೂ ಸಾವುಕಾರನ ಗೋಡೆಯೂ

ನಮ್ಮ ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಶೆಡ್ಡು ಎದ್ದ ಕಾಲದಲ್ಲಿ, ಹತ್ತು ಹೊಲಿಗೆ ಮಷೀನು ಇಟ್ಟವನೆಲ್ಲ ಬಣ್ಣದ ಪಂಡಿತನಾಗಿಬಿಟ್ಟ. ಅಂಥ ಪಂಡಿತರಲ್ಲಿ ನಮ್ಮ ಸಾವುಕಾರ ಶಿವಶಂಕರನೂ ಒಬ್ಬ. ನೀಲಿ ಅಂದರೆ ನೀಲಿ, ಅದರಲ್ಲಿ ತಿಳಿಯುವುದೇನಿದೆ ಎನ್ನುವ ಮನುಷ್ಯ. ನಾನು ಅವನ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಮಾಸ್ತರ. ನನಗೂ ಹೆಚ್ಚೇನು ಗೊತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುವ ಬುದ್ಧಿಯೂ ಇರಲಿಲ್ಲ.

ಗೊತ್ತಿದ್ದವಳು ಉಚ್ಚಂಗಮ್ಮ. ಗುಮ್ಮಘಟ್ಟದಿಂದ ದಿನಾ ಶೇರ್ ಆಟೋದಲ್ಲಿ ಬರುತ್ತಿದ್ದಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಆರು ವರ್ಷ ದುಡಿದಿದ್ದಳು. ಆದರೆ ಬಣ್ಣ ಕಲಿತದ್ದು ಅಲ್ಲಲ್ಲ, ಅವ್ವನ ಜೊತೆ ಕೌದಿ ಹೊಲಿಯುತ್ತ. ಹಳೇ ಸೀರೆಯ ತುಂಡುಗಳನ್ನು ನೆಲದ ಮೇಲೆ ಹಾಸಿ, ಒಂದನ್ನೆತ್ತಿ ಇನ್ನೊಂದರ ಪಕ್ಕ ಇಟ್ಟು, ಮತ್ತೆ ತೆಗೆದು, ಸಮಾಧಾನವಾಗುವವರೆಗೆ ಸೂಜಿ ಮುಟ್ಟುತ್ತಿರಲಿಲ್ಲವಂತೆ.

"ಕೆಂಪು ಹಸರಿನ ಮಗ್ಗಲಕ ಕುಂತ್ರ ಜಗಳಕ್ಕ ಬರತೈತ್ರಿ. ರಾಗಿ ಬಣ್ಣದ ಮಗ್ಗಲಕ ಕುಂತ್ರ ಸುಮ್ಕಿರತೈತಿ. ಬಣ್ಣಕ್ಕೂ ನೆರೆಹೊರೆ ಇರತೈತಿ," ಎನ್ನುತ್ತಿದ್ದಳು.

ಒಂದೇ ನೀಲಿ ಎಂದು ಬಂದ ಬಟ್ಟೆಯ ಥಾನುಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಸೇರಿದರೆ ಪ್ಯಾಂಟು ವಾಪಸ್. ಕತ್ತರಿಸಿದ ತುಂಡುಗಳನ್ನು ಬಣ್ಣ ನೋಡಿ ಜೋಡಿ ಮಾಡುವುದು ಅವಳ ಕೆಲಸ. ಮೂರು ವರ್ಷ ಒಂದು ಪ್ಯಾಂಟೂ ವಾಪಸ್ ಬರಲಿಲ್ಲ.

ಅಷ್ಟರಲ್ಲಿ ವಾಸ್ತು ನೋಡುವವನೊಬ್ಬ ಬಂದು, ಬಂಗಾರದ ಬಣ್ಣ ಬಳಿಸಿದರೆ ಬಂಗಾರ ಬರುತ್ತದೆ ಎಂದ. ಸಾವುಕಾರ ಮರುದಿನವೇ ಉಚ್ಚಂಗಮ್ಮನ ಮೇಜಿನ ಪಕ್ಕದ ಸುಣ್ಣದ ಗೋಡೆಗೆ ಕಣ್ಣು ಕುಕ್ಕುವ ಹಳದಿ ಹೊಡೆಸಿದ. ಎದುರು ಕಿಟಕಿ. ಬಿಸಿಲು ಬಿದ್ದರೆ ಅರ್ಧ ಮೇಜು ಹಳದಿ.

"ಗೋಡೆ ಬಣ್ಣ ಬಟ್ಟೆ ಮ್ಯಾಲ ಬೀಳತೈತ್ರಿ ಸಾವುಕಾರ್ರ," ಅಂದಳು ಉಚ್ಚಂಗಮ್ಮ.

"ಬಣ್ಣ ಒಣಗಿ ವಾರ ಆತು. ಹೆಂಗ ಬೀಳತೈತಿ?" ಎನ್ನುತ್ತ ಶಿವಶಂಕರ ಗೋಡೆಯನ್ನು ಬೆರಳಿನಿಂದ ಗಸಗಸ ಉಜ್ಜಿ, ಬೆರಳನ್ನು ನಮಗೆಲ್ಲ ತೋರಿಸಿದ. ಏನೂ ಹತ್ತಿರಲಿಲ್ಲ. ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ, ಮೂರ್ಖ.

ಅವಳು ತುಂಡುಗಳನ್ನು ಹೊರಗೆ ಬೇವಿನ ನೆರಳಿಗೆ ಒಯ್ದು ನೋಡತೊಡಗಿದಳು. ಕೆಲಸಗಳ್ಳತನ ಎಂದು ಸಾವುಕಾರ ಅದನ್ನೂ ನಿಲ್ಲಿಸಿದ. ಹದಿನೈದು ದಿನಕ್ಕೆ ಮಾಲು ವಾಪಸ್ ಬಂತು, ಕಾಲಿಗೊಂದು ನೀಲಿ. ಶಿವಶಂಕರ ಶೆಡ್ಡಿನ ನಡುವೆ ನಿಂತು, "ಇಕಿ ಕಣ್ಣಿಗೆ ಪೊರೆ ಬಂದೈತಿ!" ಎಂದು ಕೂಗಿದ. ಅವಳನ್ನು ದಾರ ಕತ್ತರಿಸಲು ನೆಲಕ್ಕೆ ಕೂರಿಸಿದ. ಮೇಜಿಗೆ ಬಂದವನು ಅವನ ಭಾವಮೈದ. ಅವನಿಗೆ ಬಣ್ಣದ ಗಂಧವೂ ಇರಲಿಲ್ಲ, ಆದರೆ ಹೆಂಡತಿಯ ತಮ್ಮನಿಗೆ ಪೊರೆ ಬರುವುದುಂಟೇ? ಅವನು ಜೋಡಿಸಿದ ಮಾಲೂ ಹಾಗೇ ವಾಪಸ್ ಬಂತು.

ಅವತ್ತು ಉಚ್ಚಂಗಮ್ಮ ಎದ್ದು ಬಂದಳು. ನನ್ನ ಕತ್ತರಿ ತೆಗೆದುಕೊಂಡು ನಮ್ಮ ಕಣ್ಣೆದುರೇ ಒಂದು ನೀಲಿ ಪಟ್ಟಿಯನ್ನು ಎರಡು ಮಾಡಿದಳು. ಒಂದನ್ನು ಹಳದಿ ಗೋಡೆಗೆ ಒತ್ತಿ ಹಿಡಿ ಎಂದು ನನಗೆ ಕೊಟ್ಟಳು. ಇನ್ನೊಂದನ್ನು ಕರಿ ಬಟ್ಟೆಯ ರಾಶಿಯ ಮೇಲಿಟ್ಟಳು.

"ಯಾವುದು ಗಾಢ ಐತಿ, ಹೇಳ್ರಿ."

"ಗೋಡೆ ಮ್ಯಾಲಿಂದು. ರಾಶಿ ಮ್ಯಾಲಿಂದು ತಿಳಿ ಐತಿ. ಕುರುಡಗೂ ಗೊತ್ತಾಗತೈತಿ," ಎಂದುಬಿಟ್ಟ ಸಾವುಕಾರ. ಕತ್ತರಿಸಿದ್ದನ್ನು ನೋಡಿಯೂ ಹಾಗಂದ!

ಅವಳು ಎರಡನ್ನೂ ತಂದು ಬಿಳಿ ಕಾಗದದ ಮೇಲೆ ಅಂಚಿಗೆ ಅಂಚು ಕೂಡಿಸಿದಳು. ಒಂದೇ ನೀಲಿ. ಅವತ್ತು ನಕ್ಕದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

"ಆತು, ಗೋಡೆಗೆ ಸುಣ್ಣ ಹೊಡಸ್ತೀನಿ. ನಾಳಿಂದ ಮೇಜಿಗೆ ಬಾ," ಎಂದ ಶಿವಶಂಕರ, ಮಷೀನಿನ ಸದ್ದಿನಲ್ಲಿ ನಮ್ಮಿಬ್ಬರ ಹೊರತು ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಉಚ್ಚಂಗಮ್ಮ ಕದಲಲಿಲ್ಲ. "ಪೊರೆ ಬಂದೈತಿ ಅಂತ ಎಲ್ಲರ ಮುಂದ ಅಂದ್ರಿ. ಕೆಲಸ ಕೇಳಾಕ ಹೋದ್ರ, ಊರಾಗ ಬ್ಯಾರೆ ಶೆಡ್ಡಿನೋರೂ ನನ್ನ ಒಳಗ ಬಿಡಲಿಲ್ಲ. ಈಗೂ ಎಲ್ಲರ ಮುಂದ ಅನ್ರಿ."

"ಏನಂತ?"

"ತಪ್ಪು ನಿಮ್ದು ಅಂತ."

"ಇಷ್ಟು ಸದ್ದಿನಾಗ ಯಾರಿಗೆ ಕೇಳತೈತಿ ಬಿಡವ್ವ," ಎಂದು ಅವನು ನಗಲು ನೋಡಿದ.

ನಾನು ಹೋಗಿ ಮೇನ್ ಸ್ವಿಚ್ ಆರಿಸಿದೆ. ಮೂವತ್ತು ಮಷೀನೂ ನಿಂತವು. ಹೆಂಗಸರೆಲ್ಲ ತಲೆಯೆತ್ತಿ ಸಾವುಕಾರನ ಬಾಯನ್ನೇ ನೋಡುತ್ತ ಕೂತರು.