ಉಸಿರಿನ ಮೇಲೆ ಬಿದ್ದ ಕೂಗು

ಗುಂಡ್ಲುಪೇಟೆಯ ಹೈಸ್ಕೂಲು ಮೈದಾನದಲ್ಲಿ ಇನ್ನೂ ಮಂಜು ಕರಗಿಲ್ಲ. ಪುಟ್ಟಸಿದ್ದಮ್ಮ ಆಗಲೇ ಕಬಡ್ಡಿ ಅಂಕಣದಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಮಣ್ಣು ಸವರುತ್ತಾ ಕಲ್ಲು ಆರಿಸುತ್ತಿದ್ದಾರೆ, ರಾಗಿಯಲ್ಲಿ ಆರಿಸಿದ ಹಾಗೆ. ಸಿಕ್ಕಿದ್ದೆಲ್ಲ ಮಡಿಲಿಗೆ. ಆಮೇಲೆ ನೀರು ಚಿಮುಕಿಸಿ, ಹುರಿ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು.

"ಪೊರಕೆಗೆ ಸಣ್ಕಲ್ಲು ಸಿಕ್ಕಲ್ಲ ಕಣಪ್ಪ. ಆಡೋ ಎಣ್ಣೈಕ್ಳು ಮಂಡಿ ಊರಿ ಬೀಳ್ತವ. ಕೈಲೇ ನೋಡ್ಬೇಕು," ಎನ್ನುತ್ತಾರೆ.

ಹರವೆ ಕಡೆಯಿಂದ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಈ ಶಾಲೆಯ ಕಸ ಗುಡಿಸುವ ಕೆಲಸ ಸಿಕ್ಕಿತು, ಇವತ್ತಿಗೂ ಕಾಯಂ ಆಗಿಲ್ಲ. ಅಂಕಣದ ಕೆಲಸವನ್ನಂತೂ ಯಾರೂ ಹೇಳಿದ್ದಲ್ಲ. ಮಗಳು ಸುಧಾಮಣಿ ಕಬಡ್ಡಿ ಆಡಿ ಮಂಡಿ ತರಚಿಕೊಂಡು ಬಂದ ದಿನ ತಾವಾಗಿಯೇ ಹಿಡಿದದ್ದು.

'ನಡುಗೆರೆ' ಸಿನಿಮಾದ ಶೂಟಿಂಗ್ ನಡೆದದ್ದೂ ಇದೇ ಅಂಕಣದಲ್ಲಿ. ಚಾಮರಾಜನಗರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಸೋಮೇಶ್, ಗೆಳೆಯರನ್ನು ಕಟ್ಟಿಕೊಂಡು ಮಾಡಿದ ಚಿತ್ರ. ನಾಯಕಿ ನಾಟಕದ ಹುಡುಗಿ. ಅಭಿನಯವೇನೋ ಚೆನ್ನ, ಆದರೆ 'ಕಬಡ್ಡಿ ಕಬಡ್ಡಿ' ಅನ್ನುತ್ತಾ ಉಸಿರು ಹಿಡಿಯಲು ಅವಳ ಕೈಲಾಗಲಿಲ್ಲ. ಕೊನೆಯ ಪಂದ್ಯದ ಉಸಿರಿಗೆ ಸುಧಾಮಣಿಯನ್ನು ಕರೆದರು. ಮುಖ ಬೇಡ, ಬರೀ ಧ್ವನಿ. ಮೈಕ್ ಸಿಕ್ಕಿಸಿ, ನಿಜವಾಗಿಯೇ ಆಡಿಸಿ ರೆಕಾರ್ಡ್ ಮಾಡಿದರು. ಸುತ್ತ ನಿಂತವರು ಪಿಟಿಕ್ ಅನ್ನಬಾರದೆಂದು ಹೇಳಿದ್ದರು. ಎದುರಾಳಿಗಳು ಮಗಳ ಕಾಲು ಹಿಡಿದೆಳೆದಾಗ ಗೆರೆಯಾಚೆ ನಿಂತ ತಾಯಿಗೆ ಸಿನಿಮಾ ಮರೆತೇ ಹೋಯಿತು.

"'ಉಸ್ರು ಬುಡ್ಬ್ಯಾಡ ಕಣಮ್ಮಿ!' ಅಂತ ಕೂಗ್ಬುಟ್ಟೆ. ಸೋಮಪ್ಪ ತಲೆ ಮ್ಯಾಲೆ ಕೈ ಒತ್ಕೊಂಡ. ನನ್ ಮಗ್ಳು, 'ಅವ್ವ, ಗೆರೆ ಬುಟ್ಟು ನಿನ್ ಬಾಯ್ಗೇ ಸುಣ್ಣ ಬಳೀಬೇಕು' ಅಂದ್ಲು," ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಮತ್ತೆ ಆಡಿಸಿದರೂ ಆ ಜೀವ ಬರಲಿಲ್ಲ. ಕೂಗಿನ ಸಮೇತ ಅದನ್ನೇ ಇಟ್ಟುಕೊಂಡರು.

ಮರುವರ್ಷ ಸುಧಾಮಣಿ ಜ್ವರದಲ್ಲಿ ತೀರಿಹೋದಳು. ಫೋಟೊಗಳಿವೆ. ಧ್ವನಿ ಅಂತ ಉಳಿದಿರುವುದು ಅದೊಂದೇ. ಸೋಮೇಶ್ ಊರೂರಲ್ಲಿ ಪರದೆ ಕಟ್ಟಿ ಚಿತ್ರ ತೋರಿಸುತ್ತಾರೆ. ಕುದೇರಿನಲ್ಲಿ ತೋರಿಸಿದಾಗಲೂ ಪುಟ್ಟಸಿದ್ದಮ್ಮ ಬಸ್ಸು ಹತ್ತಿ ಹೋಗಿದ್ದರು. ಆ ಪಂದ್ಯ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರಂತೆ.

"ಕಣ್ ಬುಟ್ರ ಬ್ಯಾರೆ ಉಡ್ಗಿ ಕಾಣ್ತಾಳ."

ಈಗ ಮೊಬೈಲಿನಲ್ಲಿ ಸಿನಿಮಾ ತೋರಿಸುವ ಕಂಪನಿಯೊಂದು 'ನಡುಗೆರೆ'ಯನ್ನು ಕೇಳಿದೆ. ಆದರೆ ಕಥೆಗೆ ಸಂಬಂಧವಿಲ್ಲದ ಆ ಕೂಗು ಇರಬಾರದಂತೆ. ಕೂಗು ಉಸಿರಿನ ಮೇಲೇ ಬಿದ್ದಿದೆ, ಬಿಡಿಸಲು ಬರುವುದಿಲ್ಲ. ಎರಡನ್ನೂ ತೆಗೆದು ಬೇರೆ ಯಾರಿಂದಲೋ 'ಕಬಡ್ಡಿ ಕಬಡ್ಡಿ' ಹೇಳಿಸಬೇಕು. ಹಳೆಯ ಪ್ರತಿಯನ್ನು ಅಳಿಸಿಬಿಡಬೇಕು, ಇನ್ನೆಲ್ಲೂ ತೋರಿಸುವಂತಿಲ್ಲ.

ಸೋಮೇಶ್ ಬಂದು ನೆಲ ನೋಡುತ್ತಾ ಕೂತಿದ್ದರಂತೆ. "ಅವ್ವ, ನೀವು ಬ್ಯಾಡ ಅಂದ್ರ ಬ್ಯಾಡ" ಎಂದರಂತೆ.

"ಬ್ಯಾಡ ಅನ್ನಕ್ಕಾಯ್ತದಾ? ಆ ಐಕ್ಳು ಒಟ್ಟೆ ಬಟ್ಟೆ ಕಟ್ಕೊಂಡು ಮಾಡವ್ರ. ಮಾಡ್ಕಳಿ ಅಂದ್ಬುಟ್ಟೆ." ಸುಣ್ಣದ ಕೈಯನ್ನು ಸೆರಗಿಗೆ ಒರೆಸುತ್ತಾರೆ. "ಅವತ್ತು ನನ್ ಬಾಯಿ ಸುಮ್ಕಿದ್ದಿದ್ರ ಅವ್ಳ್ ಉಸ್ರು ಉಳೀತಿತ್ತು."

ನಡುಗೆರೆ ಎಳೆದು ಮುಗಿಯುತ್ತದೆ. ಅಭ್ಯಾಸಕ್ಕೆ ಬಂದ ಹುಡುಗಿಯರು ಚಪ್ಪಲಿ ಆಚೆಗೇ ಬಿಟ್ಟು ಬರುತ್ತಾರೆ. ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ ಪುಟ್ಟಸಿದ್ದಮ್ಮ ಅಂಕಣದ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ.

"ಅದ್ನ ಅಳಿಸಕ್ ಮುಂಚೆ ಒಂದ್ಸಲ ಇಲ್ಲೇ ಪರದೆ ಕಟ್ಲಿ. ಅವ್ಳು ಆಡಿದ್ ಮಣ್ಣಲ್ಲೇ ಜೋರಾಗ್ ಕೇಳ್ಸ್ಲಿ. ಅವತ್ತೂ ಗೆರೆ ನಾನೇ ಆಕ್ತೀನಿ. ಈ ದಪ ಬಾಯಿ ಬುಡಲ್ಲ ಕಣಪ್ಪ, ಸುಮ್ಕಿರ್ತೀನಿ."